ಸಹಾಯ ಬೇಕು: ಹಸು ಬೆದೆಗೆ ಬರುವುದು ಗೊತ್ತಾಗುತ್ತಿಲ್ಲ

ನಮಸ್ಕಾರ, ಮುಳಬಾಗಿಲು ಕಡೆಯವರು ನಾವು. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಕರು ಹಾಕಿ ಮೂರು ತಿಂಗಳು ದಾಟಿದೆ. ಮೇವು ಚೆನ್ನಾಗಿ ತಿನ್ನುತ್ತದೆ, ಹಾಲೂ ಜಾಸ್ತಿ. ಆದರೆ ಕೂಗುವುದಿಲ್ಲ, ಬೇರೆ ಹಸುವಿನ ಮೇಲೆ ಹತ್ತುವುದೂ ಇಲ್ಲ. ಒಮ್ಮೆ ಮಾತ್ರ ಬಾಲದ ಹತ್ತಿರ ಲೋಳೆ ಒಣಗಿದ ಹಾಗೆ ಕಂಡಿತ್ತು.

ಸುಮಾರು 21 ದಿನಕ್ಕೊಮ್ಮೆ ಬೆದೆ ಬರಬೇಕು ಅಲ್ವಾ? ಬಂದರೂ ಇರುವುದು 12ರಿಂದ 18 ಗಂಟೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೆಮೆನ್ ಹಾಕಿಸಬೇಕು. ಕಾಣದಿದ್ದರೆ ಹೇಗೆ ಹಾಕಿಸೋದು?

ಇದು ಮೂಕ ಬೆದೆ (ಲಕ್ಷಣ ಹೊರಗೆ ಕಾಣದ ಬೆದೆ) ಇರಬಹುದೇ? ಸದಾ ಕಟ್ಟಿಹಾಕಿದ್ದಕ್ಕೆ ತಿಳಿಯುತ್ತಿಲ್ಲವೇ? ರಾತ್ರಿ, ಬೆಳಗಿನ ಜಾವ ಏನು ಗಮನಿಸಬೇಕು? ಖನಿಜ ಮಿಶ್ರಣದಿಂದ ಯಾರಿಗಾದರೂ ಗುಣ ಕಂಡಿದೆಯೇ? ಡಾಕ್ಟರಿಗೂ ತೋರಿಸುತ್ತೇವೆ. ತುಂಬಾ ಸಾಧು ಹಸು, ಸುಮ್ನೆ ಗೊಡ್ಡು ಅಂತ ಮಾರಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ.