ಅಜ್ಜಿಯ ಹಿತ್ತಾಳೆ ತಪ್ಪಲೆ, ಹುಣಸೆಹಣ್ಣಿನ ಸಾರು

ಅತ್ತಿಗೆ, ಬೆಳಿಗ್ಗೆ ನೀವು ಹಾಕಿದ ಫೋಟೋ ನೋಡಿದೆ. ಅಟ್ಟದಿಂದ ಅಜ್ಜಿಯ ಹಿತ್ತಾಳೆ ತಪ್ಪಲೆ ಇಳಿಸಿದ್ದೀರಿ, ಇದರಲ್ಲಿ ಸಾರು ಮಾಡಬಹುದಾ ಅಂತ ಕೇಳಿದ್ದೀರಿ. ಅದರ ಕೆಳಗೇ ಮಾವ "ಗುಜರಿಗೆ ಹಾಕಿ, ಸ್ಟೀಲ್ ತಗೊಳ್ಳಿ" ಅಂದಿದ್ದಾರೆ. ಮಾವ, ದಯವಿಟ್ಟು ಗುಜರಿಗೆ ಕೊಡಬೇಡಿ. ಆದರೆ ಅತ್ತಿಗೆ, ಈಗಿರುವ ಹಾಗೇ ಅದರಲ್ಲಿ ಸಾರನ್ನೂ ಇಡಬೇಡಿ. ಒಳಗಡೆ ಹಳದಿ ಕಾಣುತ್ತಿದೆ. ಅಂದರೆ ಒಳಗೆ ಬಳಿದಿದ್ದ ತವರದ ಲೇಪ, ಕಲಾಯಿ, ಹೋಗಿದೆ.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಸೇರಿಸಿ ಮಾಡಿದ್ದು. ದೇವರ ದೀಪ ಬೆಳಗುವಾಗ ಹುಣಸೆಹಣ್ಣು ಹಾಕಿ ಉಜ್ಜುತ್ತೀರಿ, ಫಳಫಳ ಹೊಳೆಯುತ್ತದೆ ಅಲ್ವಾ? ಹುಳಿ ಮೇಲಿನ ಕಿಲುಬನ್ನು ಕರಗಿಸಿ ತೆಗೆಯುತ್ತದೆ, ಅದಕ್ಕೇ ಆ ಹೊಳಪು. ಸಾರು ಕುದಿಯುವಾಗ ತಪ್ಪಲೆಯ ಒಳಗೂ ಇದೇ ನಡೆಯುತ್ತದೆ. ದೀಪ ತೊಳೆದ ನೀರು ಬಚ್ಚಲಿಗೆ ಹೋಗುತ್ತದೆ, ಸಾರು ನಮ್ಮ ಹೊಟ್ಟೆಗೆ ಹೋಗುತ್ತದೆ. ತಾಮ್ರ ಜಾಸ್ತಿ ಸೇರಿದರೆ ವಾಂತಿ, ಹೊಟ್ಟೆನೋವು, ಭೇದಿ. ಮೊಸರು, ಮಜ್ಜಿಗೆ, ಟೊಮೇಟೊ, ಉಪ್ಪಿನಕಾಯಿ ಎಲ್ಲಕ್ಕೂ ಇದೇ ಮಾತು. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿಯುವವರೂ ಅದರೊಳಗೆ ನಿಂಬೆಹಣ್ಣು ಹಿಂಡಬಾರದು.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ದಾರಿಯೇ ಕಲಾಯಿ. ಕಲಾಯಿ ಹಾಕುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಿ, ಅಷ್ಟು ಚೆನ್ನಾಗಿರುತ್ತದೆ. ಮೊದಲು ಪಾತ್ರೆ ಚೆನ್ನಾಗಿ ಉಜ್ಜುತ್ತಾರೆ. ಇದ್ದಿಲ ಒಲೆಗೆ ತಿದಿ ಒತ್ತಿ ಪಾತ್ರೆ ಕಾಯಿಸುತ್ತಾರೆ. ನವಸಾಗರದ ಪುಡಿ ಉದುರಿಸುತ್ತಿದ್ದಂತೆ ಬುಸ್ ಅಂತ ಬಿಳಿ ಹೊಗೆ ಏಳುತ್ತದೆ. ಆ ಪುಡಿ ಲೋಹದ ಮೇಲಿನ ಕಿಲುಬು ತೆಗೆದು ತವರ ಹಿಡಿದುಕೊಳ್ಳುವಂತೆ ಮಾಡುತ್ತದೆ. ಆಮೇಲೆ ತವರದ ಕಡ್ಡಿ ತಾಗಿಸಿ, ಕರಗಿದ್ದನ್ನು ಹತ್ತಿಯಿಂದ ಸರಸರ ಒರೆಸುತ್ತಾರೆ. ಒಳಗೆಲ್ಲ ಬೆಳ್ಳಿ ಬಣ್ಣ ಬಂದುಬಿಡುತ್ತದೆ. ಹೊಗೆ ಕುಡಿಯಬಾರದು, ಮಕ್ಕಳನ್ನು ಸ್ವಲ್ಪ ದೂರ ನಿಲ್ಲಿಸಿ.

ತವರ 232 ಡಿಗ್ರಿಗೇ ಕರಗುತ್ತದೆ. ಸಾರು ಕುದಿಯುವುದು 100ರ ಹತ್ತಿರ, ಹಾಗಾಗಿ ಪಾತ್ರೆಯಲ್ಲಿ ನೀರಿರುವವರೆಗೆ ಭಯವಿಲ್ಲ. ಆದರೆ ಖಾಲಿ ತಪ್ಪಲೆ ಒಲೆ ಮೇಲೆ ಮರೆತರೆ ಕಲಾಯಿ ಕರಗಿ ಹೋಗುತ್ತದೆ. ಒಗ್ಗರಣೆ ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ. ಸ್ಟೀಲ್ ನಾರಿನಿಂದ ತಿಕ್ಕಬೇಡಿ. ಕೈಯಾಡಿಸಲು ಮರದ ಸೌಟು ಒಳ್ಳೆಯದು. ಮತ್ತೆ ಹಳದಿ ಇಣುಕಿತೋ, ಮತ್ತೆ ಕಲಾಯಿ ಹಾಕಿಸಿ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ತವರಕ್ಕಿಂತ ಸೀಸ ಅಗ್ಗ. ಅದನ್ನು ಬೆರೆಸಿ ಕಲಾಯಿ ಮಾಡಿದರೆ ನೋಡಿ ಗುರುತಿಸಲು ಆಗುವುದಿಲ್ಲ. ಸೀಸ ಮಕ್ಕಳ ಮೆದುಳಿಗೇ ಪೆಟ್ಟು ಕೊಡುತ್ತದೆ, ಇಷ್ಟು ಸೇರಿದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಮನೆಯಲ್ಲಿ ಪುಟ್ಟಿ ಇದ್ದಾಳೆ. ಹಾಗಾಗಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ಶುದ್ಧ ತವರವನ್ನೇ ಹಾಕಿಸುತ್ತೇವೆ ಅನ್ನುವ, ನಿಮಗೆ ನಂಬಿಕೆ ಇರುವ ಪಾತ್ರೆ ಅಂಗಡಿಯಲ್ಲೇ ಕೊಡಿ.

ಮಾವ ಹೇಳಿದ ಸ್ಟೀಲೂ ಕೆಟ್ಟದ್ದಲ್ಲ, ದಿನದ ಅಡುಗೆಗೆ ಅದೇ ಸುಲಭ. ಹುಳಿಗೆ ನನ್ನ ಮೆಚ್ಚಿನದು ಮಾತ್ರ ಮರಿಗೆ ಅನ್ನುವ ಕಲ್ಲಿನ ಪಾತ್ರೆ. ಅದು ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳೂ ಅದೇ ಜಾತಿಯ ಮೆತ್ತನೆ ಕಲ್ಲಿನವು. ಹುಳಿ ಅದನ್ನು ಏನೂ ಮಾಡುವುದಿಲ್ಲ, ಒಲೆಯಿಂದ ಇಳಿಸಿದ ಮೇಲೂ ಎಷ್ಟೋ ಹೊತ್ತು ಬಿಸಿ ಇರುತ್ತದೆ. ಹೊಸದಾದರೆ ಪಳಗಿಸದೆ ಒಲೆಗೆ ಇಡಬೇಡಿ, ಸೀಳಿಬಿಡುತ್ತದೆ.

ಇನ್ನೊಂದು ನೋಡಿ ಅತ್ತಿಗೆ. ತಪ್ಪಲೆಯ ತಳದಲ್ಲಿ ಎಲ್ಲಾದರೂ ಬೆಸುಗೆ ಹಾಕಿದ ಗುರುತು ಇದೆಯಾ? ಹಳೇ ಬೆಸುಗೆಯಲ್ಲಿ ಸೀಸ ಇರುವುದು ಸಾಮಾನ್ಯ. ಇದ್ದರೆ ಅಡುಗೆಗೆ ಬೇಡವೇ ಬೇಡ, ಹೂವಿನ ಕುಂಡ ಇಡಲು ಇಟ್ಟುಕೊಳ್ಳಿ. ತಳದ ಫೋಟೋ ಒಂದು ಹಾಕಿ, ನೋಡಿ ಹೇಳುತ್ತೇನೆ.