ಚ್‌ರೂಟ್ ಆಗ್ತಿಲ್ಲ: ಎನ್ವ್ ಕಣ್ಣೆದುರೇ ಇದೆ, ಆದ್ರೂ "ನಾಟ್ ಎ ಡೈರೆಕ್ಟರಿ"

ಸೊನ್ನೆಯಿಂದ:
ಎಲ್‌ಎಫ್‌ಎಸ್ (ಲಿನಕ್ಸ್ ಫ್ರಮ್ ಸ್ಕ್ರಾಚ್) ಕೈಪಿಡಿ ಹಿಡಿದು ಸೋರ್ಸ್‌ನಿಂದಲೇ ಲಿನಕ್ಸ್ ಕಟ್ತಿದೀನಿ, ಎರಡು ದಿನದಿಂದ ತಲೆ ಕೆಟ್ಟಿದೆ. ಬಿನ್‌ಯುಟಿಲ್ಸ್, ಜಿಸಿಸಿ (ಕಂಪೈಲರ್) ಮೊದಲ ಸುತ್ತು, ಕರ್ನಲ್ ಹೆಡರ್‌ಗಳು, ಜಿಲಿಬ್‌ಸಿ (ಸಿ ಲೈಬ್ರರಿ), ತಾತ್ಕಾಲಿಕ ಟೂಲ್‌ಗಳು, ಎರಡನೇ ಸುತ್ತು, ಎಲ್ಲಾ ಮುಗೀತು. ಹೊಸ ಸಿಸ್ಟಮ್‌ನ ಫೋಲ್ಡರನ್ನೇ ರೂಟ್ ಮಾಡಿ ಒಳಗೆ ಹೋಗೋಕೆ ಚ್‌ರೂಟ್ ಕೊಟ್ರೆ, ಅಲ್ಲಿ ಮೊದಲು ಓಡೋ ಎನ್ವ್ ಪ್ರೋಗ್ರಾಮ್‌ಗೇ "/ಯುಎಸ್‌ಆರ್/ಬಿನ್/ಎನ್ವ್: ನಾಟ್ ಎ ಡೈರೆಕ್ಟರಿ". ಫೈಲ್ ಅಲ್ಲೇ ಇದೆ ಮಾರಾಯ್ರೆ! ಕೈಪಿಡಿಯಲ್ಲಿ ಇದ್ದಹಾಗೇ ಮಾಡಿದೀನಿ.

ಮೇಕ್‌ಫೈಲ್:
ಹೋಸ್ಟ್‌ನಲ್ಲಿ (ಕಟ್ಟೋಕೆ ಬಳಸ್ತಿರೋ ಸಿಸ್ಟಮ್) /ಬಿನ್/ಎಸ್‌ಎಚ್ ಯಾವ ಶೆಲ್? ಡ್ಯಾಶ್ ಆಗಿದ್ರೆ ಅದೇ ಕಾರಣ. ಬ್ಯಾಶ್‌ಗೆ ಲಿಂಕ್ ಮಾಡಿ, ಮೊದಲಿಂದ ಕಟ್ಟಿ.

ಸೊನ್ನೆಯಿಂದ:
ಬ್ಯಾಶೇ ಇದೆ.

ಮೇಕ್‌ಫೈಲ್:
ಹಾಗಾದ್ರೆ ಆಕ್ ಜಾಗದಲ್ಲಿ ಗಾಕ್, ಯಾಕ್ ಜಾಗದಲ್ಲಿ ಬೈಸನ್ ಇದೆಯಾ? ಹೋಸ್ಟ್ ಸರಿ ಇಲ್ಲದೆ ಹೀಗಾಗಲ್ಲ. ಜೆ16 (ಒಟ್ಟಿಗೆ 16 ಕೆಲಸ) ಹಾಕಿ ಕಟ್ಟಿದ್ರೋ ಏನೋ. ಜೆ1 ಹಾಕಿ ನೋಡಿ.

ಬೈನರಿಬೆಕ್ಕು:
ಜೆ1ರಲ್ಲಿ ಜಿಸಿಸಿ ಕಟ್ಟೋಕೆ ಹೇಳೋದು ಸಹಾಯ ಅಲ್ಲ, ಶಿಕ್ಷೆ.

ಹಳೇಟರ್ಮಿನಲ್:
ಡ್ಯಾಶ್ ಕಾಟ ಕೊಡೋದು ಕಾನ್ಫಿಗರ್, ಮೇಕ್ ನಡೆಯುವಾಗ. ಇಲ್ಲಿ ಕಟ್ಟೋ ಕೆಲಸ ಮುಗಿದಿದೆ, ಓಡಿಸೋದು ನಿಂತಿದೆ.

ಈ ಎರರ್ ಹೇಳ್ತಿರೋದು ಎನ್ವ್ ಬಗ್ಗೆ ಅಲ್ಲ. ಬೈನರಿ ಒಳಗೆ ಬರೆದಿರೋ ಡೈನಾಮಿಕ್ ಲೋಡರ್ (ಪ್ರೋಗ್ರಾಮ್‌ಗೆ ಬೇಕಾದ ಲೈಬ್ರರಿಗಳನ್ನ ಜೋಡಿಸೋದು) ಇರೋ ದಾರಿ ಹಾಳಾಗಿದ್ರೂ ಕರ್ನಲ್ ಇದೇ ಎರರ್ ವಾಪಸ್ ಕೊಡುತ್ತೆ. ಆರ್ಕಿಟೆಕ್ಚರ್ ತಪ್ಪಿದ್ರೆ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬರ್ತಿತ್ತು. ಲೈಬ್ರರಿ ಇಲ್ಲದಿದ್ರೆ ಲೋಡರೇ ಅದರ ಹೆಸರು ಹಿಡಿದು ಬೈಯ್ತಿತ್ತು. ಹೊಸ ರೂಟ್‌ನ ಎನ್ವ್ ಮೇಲೆ ರೀಡ್‌ಎಲ್ಫ್ -ಎಲ್ ಓಡಿಸಿ, "ಇಂಟರ್‌ಪ್ರಿಟರ್" ಸಾಲು ಹಾಕಿ. ಅಲ್ಲಿಯ ಲಿಬ್64 ಮೇಲೆ ಎಲ್‌ಎಸ್ -ಎಲ್ ಕೂಡ.

ಸೊನ್ನೆಯಿಂದ:
ಇಂಟರ್‌ಪ್ರಿಟರ್: /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2
ಲಿಬ್64 ಕೆಂಪು ಬಣ್ಣದ (ಮುರಿದ) ಲಿಂಕ್, ../ಲಿಬ್/ಎಲ್‌ಡಿ-ಲಿನಕ್ಸ್... ಕಡೆಗೆ.
ಜಿಸಿಸಿಯಲ್ಲಿ ಸೆಡ್ (ಪಠ್ಯ ಬದಲಿಸೋ ಕಮಾಂಡ್) ಹಾಕಿ ಲಿಬ್64 ಅನ್ನೋದನ್ನ ಲಿಬ್ ಮಾಡಿದ್ವಲ್ಲ, ಅದಕ್ಕೇ ಆ ಫೋಲ್ಡರ್ ಮಾಡಿರ್ಲಿಲ್ಲ. ಹೇಳೋ ಅಂಥ ವಿಷಯ ಅನ್ನಿಸಲಿಲ್ಲ.

ಹಳೇಟರ್ಮಿನಲ್:
ಅದೇ ಹೇಳಬೇಕಾಗಿದ್ದ ವಿಷಯ ಸ್ವಾಮಿ. ಆ ಸೆಡ್ ಬದಲಿಸೋದು 64 ಬಿಟ್ ಲೈಬ್ರರಿಗಳ ಫೋಲ್ಡರ್ ಹೆಸರು ಅಷ್ಟೇ. ಲೋಡರ್ ದಾರಿ ಬೇರೆ ಫೈಲಿನಲ್ಲಿದೆ, ಎಬಿಐ (ಬೈನರಿಗಳ ನಿಯಮ) ಪ್ರಕಾರ ಅದು ಯಾವತ್ತೂ /ಲಿಬ್64.

ಫೋಲ್ಡರ್ ಇದ್ದಿದ್ರೆ, ಲಿಂಕ್ ಮಾಡೋ ಎಲ್‌ಎನ್ ಕಮಾಂಡ್ ಅದರ ಒಳಗೆ ಲಿಂಕ್ ಇಡ್ತಿತ್ತು. ಇರ್ಲಿಲ್ಲ, ಹಾಗಾಗಿ ಲಿಬ್64 ಅನ್ನೋ ಹೆಸರಿನಲ್ಲೇ ಲಿಂಕ್ ಹುಟ್ಟಿತು, ಅದೂ ಹೋಸ್ಟ್‌ನಿಂದ ನೋಡಿದ್ರೆ ಹೊಸ ರೂಟ್‌ನಿಂದ ಒಂದು ಮೆಟ್ಟಿಲು ಹೊರಗೆ ನೋಡ್ತಾ. ಚ್‌ರೂಟ್ ಒಳಗೆ ಅದು ಲೋಡರ್ ಫೈಲಿಗೇ ಹೋಗುತ್ತೆ, ಫೋಲ್ಡರ್‌ಗಲ್ಲ, ಅದಕ್ಕೇ ಆ ಎರರ್. ಎರಡನೇ ಎಲ್‌ಎನ್, ಎಲ್‌ಡಿ-ಎಲ್‌ಎಸ್‌ಬಿ ಹೆಸರಿನದು, ಆಗಲೇ ಎರರ್ ಕೊಟ್ಟಿರಬೇಕು.

ಏನನ್ನೂ ಮತ್ತೆ ಕಟ್ಟೋದು ಬೇಡ. ಮೊದಲು ಎಕೋ ಹಾಕಿ ಎಲ್‌ಎಫ್‌ಎಸ್ ವೇರಿಯೇಬಲ್ (ಹೊಸ ರೂಟ್‌ನ ದಾರಿ) ಖಾಲಿ ಇಲ್ಲ ಅಂತ ನೋಡಿ. ನೀವೀಗ ರೂಟ್ ಯೂಸರ್. ಅದು ಖಾಲಿ ಇದ್ದು ಆರ್‌ಎಂ (ಅಳಿಸೋ ಕಮಾಂಡ್) ಹೊಡೆದ್ರೆ ಹೋಗೋದು ಹೋಸ್ಟ್‌ನ ಲಿಬ್64 ಲಿಂಕ್, ಆಮೇಲೆ ಎಲ್‌ಎಸ್ ಕೂಡ ಓಡಲ್ಲ. ಸರಿ ಇದ್ರೆ ಹಾಳು ಲಿಂಕ್ ತೆಗೆದು, ಲಿಬ್64 ಫೋಲ್ಡರ್ ಮಾಡಿ, ಎರಡೂ ಎಲ್‌ಎನ್ ಕಮಾಂಡ್ ಮತ್ತೆ ಕೊಡಿ.

ಮೇಕ್‌ಫೈಲ್:
ಜಿಲಿಬ್‌ಸಿ ಆದಮೇಲಿನ ಪರೀಕ್ಷೆ ಹೇಗೆ ಪಾಸಾಯ್ತು ಹಾಗಾದ್ರೆ? ಹೋಸ್ಟ್ ಮೇಲೆ ನನಗಿನ್ನೂ ಅನುಮಾನ.

ಹಳೇಟರ್ಮಿನಲ್:
ಆ ಪರೀಕ್ಷೆ ಮಾಡೋದು ರೀಡ್‌ಎಲ್ಫ್‌ನಿಂದ. ಅದು ಬೈನರಿಯಲ್ಲಿ ಬರೆದಿರೋ ಹೆಸರು ಓದುತ್ತೆ, ಆ ಫೈಲ್ ಇದೆಯಾ ಅಂತ ನೋಡಲ್ಲ. ಲಿಂಕ್ ಮಾಡುವಾಗ ಬೇಕಾದ ಲೋಡರ್ ಯುಎಸ್‌ಆರ್/ಲಿಬ್‌ನಲ್ಲೇ ಸಿಗುತ್ತೆ, ಅಲ್ಲೂ ತಡೆ ಇಲ್ಲ. ಹೊಸ ರೂಟ್ ಒಳಗೆ ಮೊದಲ ಸಲ ಏನಾದ್ರೂ ಓಡೋದೇ ಚ್‌ರೂಟ್‌ನಲ್ಲಿ.

ಸೊನ್ನೆಯಿಂದ:
ಒಳಗೆ ಬಂದೆ!! ಎರಡನೇ ಎಲ್‌ಎನ್ ಎರರ್ ಕೊಟ್ಟಿತ್ತು ನಿಜ, ವಾರ್ನಿಂಗ್ ಅಂದ್ಕೊಂಡಿದ್ದೆ. ಈಗ ಪ್ರಾಂಪ್ಟ್‌ನಲ್ಲಿ "ಐ ಹ್ಯಾವ್ ನೋ ನೇಮ್!" ಅಂತಿದೆ. ಇದೇನು ಹೊಸ ತಲೆನೋವು?

ಬೈನರಿಬೆಕ್ಕು:
ಯೂಸರ್ ಹೆಸರುಗಳಿರೋ /ಇಟಿಸಿ/ಪಾಸ್‌ಡಬ್ಲ್ಯುಡಿ ಫೈಲ್ ಇನ್ನೂ ಮಾಡಿಲ್ಲ, ಅಷ್ಟೇ. ಮುಂದೆ ಬರುತ್ತೆ. ಅಂದಹಾಗೆ ಬಿಲ್ಡ್ ಫೋಲ್ಡರ್ ಟಿಎಂಪಿಎಫ್‌ಎಸ್‌ನಲ್ಲಿ (ರ‍್ಯಾಮ್‌ನಲ್ಲೇ ಫೈಲ್ ಇಡೋ ಜಾಗ) ಇಟ್ಕೊಳ್ಳಿ. ನನ್ನದು 64 ಜಿಬಿ ರ‍್ಯಾಮ್, ಜಿಸಿಸಿ ಪೂರ್ತಿ ಅದರಲ್ಲೇ.

ಮೇಕ್‌ಫೈಲ್:
ಕರೆಂಟ್ ಹೋದ್ರೆ ಗೊತ್ತಾಗುತ್ತೆ. ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಇದ್ರೆ ವ್ಯತ್ಯಾಸವೇ ಕಾಣಲ್ಲ.

ಬೈನರಿಬೆಕ್ಕು:
ಜೆ1 ಹಾಕೋರಿಗೆ ಕಾಣಲ್ಲ ಬಿಡಿ.