‘ಬೇಸ್‌ರನ್ನಿಂಗ್’ ಎಂಬುದಕ್ಕೆ ‘ವೇಗ’ ಎಂದರೆ ಸಾಲದು

ಮಾನ್ಯರೆ,

ಬೇಸ್‌ಬಾಲ್ ತಂಡಕ್ಕೆ ಚುರುಕಾದ ಓಟಗಾರರಿಂದ ಆಗುವ ಲಾಭವನ್ನು ಕುರಿತ ಲೇಖನವನ್ನು ನಾಳೆಯೊಳಗೆ ಕನ್ನಡಿಸಿ ಕೊಡಬೇಕಾಗಿದೆಯೆಂದು ಬರೆದಿರುವ ತಾವು, ‘ಬೇಸ್‌ರನ್ನಿಂಗ್’ ಎಂಬುದಕ್ಕೆ ‘ವೇಗ’ವೆಂದೂ ‘ಸ್ಟೋಲನ್ ಬೇಸ್’ ಎಂಬುದಕ್ಕೆ ‘ಆಧಾರಚೌರ್ಯ’ವೆಂದೂ ಬಳಸಬಹುದೆ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಕೈಬಿಡಿ. ಬೇಸ್ ಎಂದರೆ ಓಟಗಾರ ಒಂದೊಂದಾಗಿ ಮುಟ್ಟಿ ಸಾಗಬೇಕಾದ, ಮೈದಾನದಲ್ಲಿಟ್ಟ ಚೌಕ. ಬ್ಯಾಟಿನ ಹೊಡೆತದ ನೆರವಿಲ್ಲದೆ ಮುಂದಿನ ಚೌಕಕ್ಕೆ ಓಡಿ ಸೇರಿದರೆ ಅದು ‘ಸ್ಟೋಲನ್ ಬೇಸ್’.

ಮೊದಲನೆಯದು ಅರ್ಥವನ್ನೇ ಕೆಡಿಸುತ್ತದೆ. 1974ರಲ್ಲಿ ಅಮೆರಿಕದ ಓಕ್ಲೆಂಡ್ ಬೇಸ್‌ಬಾಲ್ ತಂಡವು ಹರ್ಬ್ ವಾಷಿಂಗ್ಟನ್ ಎಂಬ ಓಟದ ಸ್ಪರ್ಧಿಯನ್ನು ಬೇರೆ ಆಟಗಾರರ ಬದಲಿಗೆ ಓಡುವುದಕ್ಕೆಂದೇ ಸೇರಿಸಿಕೊಂಡಿತು. ಎರಡು ಋತುಗಳ 105 ಲೀಗ್ ಪಂದ್ಯಗಳಲ್ಲಿ ಅವರು ಒಮ್ಮೆಯೂ ಬ್ಯಾಟ್ ಮಾಡಲಿಲ್ಲ. 31 ಬೇಸ್ ಕದ್ದರು. 17 ಬಾರಿ ಕದಿಯಹೋಗಿ ಸಿಕ್ಕಿಬಿದ್ದು ಔಟಾದರು. 1974ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ಎದುರಾಳಿ ತಂಡದ ಪಿಚರ್ (ಚೆಂಡೆಸೆಯುವವರು) ಮೈಕ್ ಮಾರ್ಷಲ್, ವಾಷಿಂಗ್ಟನ್ ಮೊದಲನೆಯ ಬೇಸ್ ಬಿಟ್ಟು ತುಸು ಮುಂದೆ ನಿಂತಿದ್ದಾಗಲೇ ಚೆಂಡನ್ನು ಅಲ್ಲಿಗೆ ಎಸೆದು ಔಟ್ ಮಾಡಿಸಿದರು. ಕಾಲಿನ ವೇಗಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಪಿಚರನ ಚಲನೆಯನ್ನು ಓದುವುದು, ದೂರದ ಫೀಲ್ಡರನ ತೋಳ್ಬಲವನ್ನು ಅಳೆದು ಒಂದು ಬೇಸ್ ಹೆಚ್ಚು ಓಡಬೇಕೆ ನಿಲ್ಲಬೇಕೆ ಎಂದು ಕ್ಷಣದಲ್ಲಿ ತೀರ್ಮಾನಿಸುವುದು, ಇವೆಲ್ಲವೂ ಸೇರಿದರೆ ಮಾತ್ರ ಅದು ಬೇಸ್‌ರನ್ನಿಂಗ್. ಕ್ರಿಕೆಟ್ ವರದಿಗಳ ‘ವಿಕೆಟ್‌ಗಳ ನಡುವಿನ ಓಟ’ದಲ್ಲಿ ಈ ಜಾಣ್ಮೆಯ ಅರ್ಥ ಆಗಲೇ ಕೂಡಿಕೊಂಡಿರುವುದರಿಂದ, ‘ಬೇಸ್‌ಗಳ ನಡುವಿನ ಓಟ’ ಎಂದು ಬರೆಯಿರಿ. ‘ವೇಗ’ವು ವೇಗಕ್ಕೇ ಇರಲಿ.

‘ಆಧಾರಚೌರ್ಯ’ದಲ್ಲಿ ವ್ಯಾಕರಣದ ದೋಷವಿಲ್ಲ, ಆದರೆ ಇಂದಿನ ಓದುಗರು ಅದನ್ನು ಆಧಾರ್ ಚೀಟಿಯ ಕಳವೆಂದೇ ತಿಳಿಯುತ್ತಾರೆ. ಇದೇ ಚರ್ಚೆಯಲ್ಲಿ ಇನ್ನೊಬ್ಬರು ಸೂಚಿಸಿದ ‘ಪಾದಗಳ್ಳತನ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ದೋಷ. ಅದರ ಚರ್ಚೆ ಬೇಡ. ‘ನೆಲೆಗಳವು’ ಎಂಬುದರಲ್ಲಿ ಆದೇಶಸಂಧಿ ಸರಿಯಾಗಿದೆ, ಕಿವಿಗೂ ಹಿತವಾಗಿದೆ. ಆದರೆ ನೆಲೆಯೆಂದರೆ ತಂಗುವ ಜಾಗ. 90 ಅಡಿಗೊಂದರಂತೆ ಇಟ್ಟಿರುವ, ಅವಕಾಶ ಸಿಕ್ಕೊಡನೆ ಬಿಟ್ಟು ಓಡಬೇಕಾದ ಚೌಕಕ್ಕೆ ಆ ಪದ ಒಗ್ಗದು.

ನನ್ನ ಆಯ್ಕೆ ‘ಬೇಸ್ ಕದಿ’ ಎಂಬ ಕ್ರಿಯಾಪದ, ‘ಬೇಸ್ ಕಳವು’ ಎಂಬ ನಾಮಪದ. ‘ಒಂಟಿ ರನ್ ಕದ್ದರು’ ಎಂಬ ಮಾತು ನಮ್ಮಲ್ಲಿ ಹಳೆಯದು. ಅದಕ್ಕಿಂತ ಮುಖ್ಯವಾದುದು, ‘ಕದಿ’ಯ ಬೆನ್ನಿಗೇ ‘ಸಿಕ್ಕಿಬೀಳು’ ಬರುತ್ತದೆ, ಮತ್ತು ತಮ್ಮ ಲೇಖನ ಹೇಳಹೊರಟಿರುವ ಲಾಭವನ್ನು ಈ ಜೋಡಿಯಿಲ್ಲದೆ ಅಳೆಯಲಾಗದು. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ತಂಡಕ್ಕಿರುವುದು 27 ಔಟ್‌ಗಳು. ಸಿಕ್ಕಿಬಿದ್ದ ಪ್ರತಿಯೊಬ್ಬನೂ ಅದರಲ್ಲೊಂದನ್ನು ಕಳೆಯುತ್ತಾನೆ. ರಿಕಿ ಹೆಂಡರ್ಸನ್ 1982ರಲ್ಲಿ 130 ಬೇಸ್ ಕದ್ದು ಆಧುನಿಕ ಕಾಲದ ದಾಖಲೆ ಬರೆದರು, ಆದರೆ 42 ಬಾರಿ ಸಿಕ್ಕಿಬಿದ್ದರು. ಶೋಹೆಯ್ ಒಟಾನಿ 2024ರಲ್ಲಿ ಕದ್ದದ್ದು 59, ಸಿಕ್ಕಿಬಿದ್ದದ್ದು ನಾಲ್ಕೇ ಬಾರಿ. ಮೂಲದಲ್ಲಿ ಕದ್ದ ಸಂಖ್ಯೆಯ ಪಕ್ಕದಲ್ಲಿ ಸಿಕ್ಕಿಬಿದ್ದ ಸಂಖ್ಯೆಯೂ ಇದ್ದರೆ ಅನುವಾದದಲ್ಲಿ ಅದನ್ನು ಬಿಡಬೇಡಿ.

‘ಬೇಸ್’ ಎಂಬುದನ್ನೇ ಉಳಿಸುವುದು ಕನ್ನಡಕ್ಕೆ ಅವಮಾನವೆಂದು ಈ ಚರ್ಚೆಯಲ್ಲಿ ಬರೆದವರಿಗೆ ಒಂದು ಮಾತು. ವಿಕೆಟ್, ಓವರ್ ಹಾಗೆಯೇ ಉಳಿದವು. ಎಸೆತ, ಓಟ ನಮ್ಮವಾಗಿಯೇ ನಿಂತವು. ವಸ್ತುವಿನ ಹೆಸರು ಎರವಲಾಗಿ ಬಂದರೆ ಭಾಷೆ ಬಡವಾಗುವುದಿಲ್ಲ. ಕ್ರಿಯೆಯನ್ನು ಹೇಳಲು ನಮ್ಮ ಧಾತುಗಳಿರುವಾಗ ‘ಸ್ಟೀಲ್ ಮಾಡಿದರು’ ಎಂದು ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಕೊನೆಯದಾಗಿ, ‘ಬಸ್ಸು’ ಎಂಬಂತೆ ‘ಬೇಸು’ ಎಂದು ಉಕಾರಾಂತ ಮಾಡಿಕೊಳ್ಳಬೇಡಿ. ಚತುರ್ಥಿಯಲ್ಲಿ ಅದು ‘ಬೇಸಿಗೆ’ಯಾಗುತ್ತದೆ, ‘ಎರಡನೆಯ ಬೇಸಿಗೆ ಓಡಿದರು’ ಎಂಬಲ್ಲಿ ಓದುಗರಿಗೆ ಕಾಣುವುದು ಋತು, ಮೈದಾನದ ಚೌಕವಲ್ಲ. ‘ಬೇಸ್‌ಗೆ’ ಎಂದೇ ಇರಲಿ.